ಎಪ್ಪತ್ತನೇ ನಿಮಿಷದ ಜಿಪ್ಪು

ನನ್ನ ಸೀಟು ಸಮುದ್ರದ ಕಡೆಯದು.
ಚೆಂಡು ಗೋಡೆ ಹಾರಿದರೆ ಒಮ್ಮೊಮ್ಮೆ ಅಲೆಗೇ ಬೀಳುತ್ತದೆ,
ದೋಣಿಯವನೊಬ್ಬ ಬಲೆ ಬೀಸಿ ಎತ್ತಿಕೊಡುತ್ತಾನೆ.
ನಮ್ಮಲ್ಲಿ ಚೆಂಡು ಬಿಡದೆ ಹಿಡಿಯುವವನು
ಅವನೊಬ್ಬನೇ, ಅನ್ನುತ್ತಾನೆ ಎಡಪಕ್ಕದ ಫರ್ಗಸ್,
ಪ್ರತಿ ಸಲ, ಹೊಸದಾಗಿ ಹೊಳೆದ ಹಾಗೆ.

ಬಲಕ್ಕೆ ಟೆಮಿ. ಅವಳ ಊರು ಲಾಗೋಸ್.
ಸ್ಕಾಟ್ಲೆಂಡಿನ ಚಳಿಗೆ ತನ್ನ ಭಾಷೆಯಲ್ಲೇ ಬೈಯುತ್ತಾಳೆ,
ಆ ಬೈಗುಳ ನಾನೂ ಕಲಿತಿದ್ದೇನೆ,
ರೆಫರಿಗೆ ಬಳಸುತ್ತೇನೆ.

ಶನಿವಾರ ನಾನು ಅಂಗಡಿಯಲ್ಲಿ ಹಳೆ ಕೋಟು ನೇತುಹಾಕಬೇಕು.
ನನ್ನ ಪಾಲಿಗೆ ಮಂಗಳವಾರದ ರಾತ್ರಿ ಆಟಗಳು ಮಾತ್ರ.

"ಐಲ್ಸಾಗೆ ಆಫ್‌ಸೈಡ್ ಅರ್ಥವಾಗುತ್ತದಾ?"
ನನ್ನನ್ನು ಬಿಟ್ಟು ಟೆಮಿಯನ್ನು ಕೇಳಿದರು ಯಾರೋ.
ಟೆಮಿ ನನ್ನ ಕಡೆ ತಿರುಗಿದಳು.
ನಾನು ಲೈನ್ಸ್‌ಮನ್ ಕಡೆ ಕೈ ತೋರಿಸಿದೆ:
ಮೊದಲು ಅವನನ್ನು ಕೇಳಿ.
ಮೂರು ಸಾಲು ನಕ್ಕಿತು.

ಗಡಿಯಾರ ನನಗೆ ಒಲಿದಿಲ್ಲ.
ಉದ್ದ ಮುಳ್ಳು, ಗಿಡ್ಡ ಮುಳ್ಳು, ಒಂದನ್ನೊಂದು ಅಟ್ಟಿಸಿಕೊಂಡು,
ಯಾರು ಯಾರ ಕಡೆಯವರೋ, ಮೈಮೇಲೆ ಜೆರ್ಸಿಯೂ ಇಲ್ಲ.
ಆದರೆ ಪೈ ತಿಂದು ಬೆರಳು ನೆಕ್ಕಿದರೆ ಅರ್ಧ ಆಟ.
ಟೆಮಿ ಜಾಕೆಟ್ಟಿನ ಜಿಪ್ಪು ಗಂಟಲವರೆಗೆ ಎಳೆದರೆ
ಎಪ್ಪತ್ತು.
ಏಳಬೇಕು.
ಹತ್ತಕ್ಕೆ ಮನೆಯಲ್ಲಿ ಪಾಳಿ ಬದಲು.
ಫ್ರಿಜ್ಜಿನ ಬಾಗಿಲಿಗೆ ಅಂಟಿದ ಆ ಹಾಳೆಯಲ್ಲಿ
ಹೆಚ್ಚುವರಿ ಸಮಯಕ್ಕೆ ಜಾಗವಿಲ್ಲ.

ಹನ್ನೊಂದು ವರ್ಷ
ಕೊನೆಯ ಇಪ್ಪತ್ತು ನಿಮಿಷವನ್ನು ನಾನು ಬಸ್‌ಸ್ಟಾಪಿನಲ್ಲಿ ಕೇಳಿದ್ದೇನೆ.
ನಮ್ಮ ಗೋಲು ನೆಲದೊಳಗಿಂದ ಬರುತ್ತದೆ,
ಕಿವಿಗಿಂತ ಮೊದಲು ಪಾದಕ್ಕೆ ಗೊತ್ತು.
ಅವರ ಗೋಲೆಂದರೆ ಇದ್ದ ಸದ್ದನ್ನೂ ಯಾರೋ ಹೀರಿಕೊಂಡಂತೆ,
ಆಮೇಲೆ ಆಚೆ ಮೂಲೆಯಲ್ಲಿ ನಲವತ್ತು ಗಂಟಲು.
ಕಂಬಕ್ಕೆ ಬಡಿದರೆ
ಊರಿಗೆ ಊರೇ ಬಿಸಿ ಪಾತ್ರೆ ಮುಟ್ಟಿದ ಹಾಗೆ.
ಬಸ್ಸಿನ ಡ್ರೈವರಿಗೆ ಸ್ಕೋರು ಹೇಳುವವಳು ನಾನೇ.
ಒಂದು ಸಲವೂ ತಪ್ಪಿಲ್ಲ.

ಮಾರ್ಚಿನಲ್ಲಿ ಮೀಟಿಂಗು. ಮೇಜು, ಬಿಸ್ಕತ್ತು, ಫೈಲು.
ಈ ವರ್ಷ ನಿನ್ನ ಗುರಿಯೇನು, ಐಲ್ಸಾ?
ತೊಂಬತ್ತು ನಿಮಿಷ, ಅಂದೆ.
ಅವರು ಬರೆದುಕೊಂಡರು.
ಟೆಮಿ ಆಮೇಲೆ ಓದಿ ಹೇಳಿದಳು:
"ಸಮಯದ ಅರಿವು ಬೆಳೆಸಿಕೊಳ್ಳಬೇಕು."

ಕಳೆದ ಮಂಗಳವಾರ ತುಂತುರು, ಸೊನ್ನೆ–ಸೊನ್ನೆ.
ಗಾಳಿಯೊಂದೇ ಎರಡೂ ಕಡೆಗೆ ಆಡುತ್ತಿತ್ತು.
ಜಿಪ್ಪಿನ ಸದ್ದು ಕೇಳಿತು.
ನಾನು ಏಳಲಿಲ್ಲ.
ಹಟವಲ್ಲ. ಕಾಲು ಇನ್ನೂ ನೋಡುತ್ತಿತ್ತು, ಅಷ್ಟೇ.
ಟೆಮಿ ನಿಂತಳು. ಅರ್ಧ ಎಳೆದ ಜಿಪ್ಪು ಹಾಗೇ.
ಫರ್ಗಸ್ ಮೈದಾನ ನೋಡುತ್ತಲೇ ಹೇಳಿದ,
ನನ್ನ ಮಗಳ ಕಾರಿದೆ, ಹಿಂದೆ ಜಾಗವಿದೆ,
ನಾಯಿಯ ಕೂದಲು ಸ್ವಲ್ಪ.
ಟೆಮಿ ಫೋನು ಮಾಡಿದಳು. ದನಿ ಎತ್ತರಿಸಿದಳು.
ಚಳಿಗೆ ಅನ್ನುವ ಮಾತನ್ನು, ಫೋನು ಇಟ್ಟ ಮೇಲೆ, ಫೋನಿಗೆ ಅಂದಳು.
ಕೂತಳು.

ಗೋಲು ಬೀಳಲಿಲ್ಲ.
ಎಪ್ಪತ್ತೆಂಟರಲ್ಲಿ ಒಂದು ಥ್ರೋ. ಆಮೇಲೆ ಇನ್ನೊಂದು ಥ್ರೋ.
ಗೋಲಿಯ ಷೂ ಲೇಸು ಬಿಚ್ಚಿತು, ಕಟ್ಟಿದ.
ಜನ ಒಬ್ಬೊಬ್ಬರೇ ಎದ್ದು ಹೋದರು, ಬೇಕಂತಲೇ!
ಇಂಥ ಕೆಟ್ಟ ಆಟ ನಲವತ್ತು ವರ್ಷದಲ್ಲಿ ನೋಡಿಲ್ಲ,
ಅಂದ ಫರ್ಗಸ್. ನಾನಂತೂ
ಕಣ್ಣು ಮಿಟುಕಿಸಲಿಲ್ಲ.

ಸೀಟಿ ಆಯಿತು, ಮೂರು ಸಲ, ಕೊನೆಯದು ಉದ್ದ.
ನಮ್ಮ ಹುಡುಗರು ಕೆಸರಿನಲ್ಲಿ ಕಾಲೆಳೆಯುತ್ತ ಈ ಕಡೆಗೇ ಬಂದರು,
ಕೈ ಮೇಲೆತ್ತಿ ನಮ್ಮತ್ತ ಚಪ್ಪಾಳೆ ತಟ್ಟಿದರು.
ಅವರು. ನಮಗೆ.

ಹನ್ನೊಂದು ವರ್ಷ,
ಯಾರೂ ನನಗೆ ಇದನ್ನು ಹೇಳಿರಲಿಲ್ಲ.